ಕೊನೆಯ ತೂಬಿಗೂ ದುಡ್ಡಿಡಿ

ಮಾನ್ಯ ಸಂಪಾದಕರೇ,

ಮಂಡ್ಯ ಜಿಲ್ಲೆಗೆ ಅನುದಾನ ಬಂತೆಂದರೆ ಎಷ್ಟು ಕೋಟಿ ಎಂದು ಎಲ್ಲರೂ ಕೇಳುತ್ತಾರೆ. ಆ ಕೋಟಿ ಎಲ್ಲಿಯವರೆಗೆ ಹರಿದು ಬಂತು ಎಂದು ಕೇಳುವವರು ಕಡಿಮೆ. ಸರ್ಕಾರದ ದುಡ್ಡಿನಿಂದಲೇ ಮೇಲೆದ್ದ ಜಿಲ್ಲೆ ಇದು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಆಮೇಲೆ ಇರ್ವಿನ್ ನಾಲೆ (ಇಂದಿನ ವಿಶ್ವೇಶ್ವರಯ್ಯ ನಾಲೆ), ಹುಲಿಕೆರೆ ಸುರಂಗ, ತಳಿ ಪರೀಕ್ಷೆಗೆ 1931ರಲ್ಲಿ ನಾಲೆ ಫಾರಂ, 1933ರಲ್ಲಿ ಮೈಷುಗರ್ ಸಕ್ಕರೆ ಕಂಪನಿ. 1939ರ ಹೊತ್ತಿಗೆ ಪ್ರತ್ಯೇಕ ಜಿಲ್ಲೆಯೇ ಆಯಿತು. ನೀರು ಬಂದರೆ ಏನು ಬೆಳೆಯುವುದು, ಬೆಳೆದದ್ದನ್ನು ಯಾರು ಕೊಳ್ಳುವುದು ಎಂಬ ಯೋಚನೆ ನಾಲೆಯ ಜೊತೆಜೊತೆಗೇ ನಡೆದಿತ್ತು. ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರನ್ನು ಮಂಡ್ಯದ ರೈತರು ಇಂದಿಗೂ ನೆನೆಯುವುದು ಇದಕ್ಕೇ. ಈಗ ನೀರು, ಬೆಳೆ, ಮಾರಾಟ ಈ ಮೂರಕ್ಕೂ ಬೇರೆ ಬೇರೆ ಕಡತ, ಬೇರೆ ಬೇರೆ ವರ್ಷ.

ನಾಲೆಯ ವಿಷಯವನ್ನೇ ನೋಡಿ. ಮುಖ್ಯ ನಾಲೆಗೆ ಕಾಂಕ್ರೀಟ್ ಹಾಕುವುದು ಬೇಕಾದ ಕೆಲಸವೇ. ಮಣ್ಣಿನ ನಾಲೆಯಲ್ಲಿ ಇಂಗಿ ಹೋಗುವ ನೀರು ಸಣ್ಣದಲ್ಲ. ಆದರೆ ಕೆಲಸಕ್ಕೆ ಸಿಗುವುದು ನೀರು ನಿಲ್ಲಿಸಿದ ಬೇಸಿಗೆಯ ಕೆಲವೇ ತಿಂಗಳು. ಟೆಂಡರಿಗೆ ಒಪ್ಪಿಗೆ ಏಪ್ರಿಲ್‌ನಲ್ಲಿ ಬಂದರೆ, ಹೂಳು ತೆಗೆದು, ಏರಿಯ ಇಳಿಜಾರು ತಿದ್ದಿ, ಮಣ್ಣು ದಮ್ಮಸು ಮಾಡುವಷ್ಟರಲ್ಲಿ ಕಟ್ಟೆಗೆ ಒಳಹರಿವು ಶುರು. ಒಟ್ಲಿಗೆ (ಭತ್ತದ ಸಸಿಮಡಿಗೆ) ನೀರು ಬಿಡಿ ಎಂಬ ಒತ್ತಾಯವೂ ಶುರು. ಅವಸರದಲ್ಲಿ ಹಾಕಿದ ಕಾಂಕ್ರೀಟ್‌ಗೆ ಎರಡು ಮೂರು ವಾರದ ಕ್ಯೂರಿಂಗ್ (ನೀರುಣಿಸಿ ಗಟ್ಟಿಯಾಗಿಸುವುದು) ಆಗುವುದಿಲ್ಲ, ಜಾಯಿಂಟ್‌ಗಳಿಗೆ ಸೀಲಿಂಗ್ ತುಂಬುವುದಿಲ್ಲ. ಅಕ್ಕಪಕ್ಕದ ಗದ್ದೆಗಳಲ್ಲಿ ನಿಂತ ನೀರು ಹಿಂದಿನಿಂದ ಒತ್ತುತ್ತಿರುತ್ತದೆ. ಅದು ಹೊರಬರಲು ಹೊದಿಕೆಯಲ್ಲಿ ತೂತುಗಳನ್ನು ಬಿಟ್ಟಿರದಿದ್ದರೆ, ಅಥವಾ ನಾಲೆಯ ನೀರನ್ನು ಒಮ್ಮೆಲೇ ಇಳಿಸಿದರೆ, ಕಾಂಕ್ರೀಟ್ ಪ್ಯಾನೆಲ್‌ಗಳೇ ಎದ್ದು ಬರುತ್ತವೆ. ಮರುವರ್ಷ ಅದೇ ಜಾಗಕ್ಕೆ ದುರಸ್ತಿ ಅಂದಾಜು ತಯಾರಾಗುತ್ತದೆ.

ಇಷ್ಟಾದರೂ ಮಳವಳ್ಳಿ, ಮದ್ದೂರು ತಾಲ್ಲೂಕುಗಳ ಕೊನೆ ಭಾಗಕ್ಕೆ ನೀರು ಏಕೆ ಹತ್ತುವುದಿಲ್ಲ? ವಿತರಣಾ ನಾಲೆಗೆ ಇಳಿದು ನೋಡಬೇಕು. ತೂಬಿನ ಗೇಟಿನ ಸ್ಕ್ರೂ ರಾಡ್ ಬಾಗಿದೆ, ತಗಡು ತುಕ್ಕು ಹಿಡಿದು ಕಳಚಿದೆ, ಅದರ ಜಾಗದಲ್ಲಿ ಗೋಣಿಚೀಲದ ಮಣ್ಣುಮೂಟೆ. ಮೂಟೆ ಹಾಕಿ ನಿಲ್ಲಿಸುವ ನೀರಿಗೆ ಅಳತೆ ಎಲ್ಲಿಯದು? ಸರದಿಯಂತೆ ನೀರು ಬಿಡುವ ಕಟ್ಟು ನೀರಿನ ಪದ್ಧತಿಯಲ್ಲಿ ಮೇಲಿನವರ ಸರದಿ ಮುಗಿದರೂ ನೀರು ಅಲ್ಲೇ ಸೋರುತ್ತದೆ. ಕೆಳಗಿನವರ ಸರದಿ ಬಂದಾಗ ಮೊದಲ ಮೂರು ನಾಲ್ಕು ದಿನ ಒಣಗಿದ ಹೊಲಗಾಲುವೆ ನೆನೆಯುವುದಕ್ಕೇ ಸರಿಹೋಗುತ್ತದೆ. ತೂಬು ಕಾಯುವ ಸೌಡಿಗಳ ಸಂಖ್ಯೆ ಸಾಲದು, ಇದ್ದವರಿಗೆ ಕೂಲಿ ಹೊತ್ತಿಗೆ ಬರುವುದಿಲ್ಲ. ಕಾಂಕ್ರೀಟ್‌ಗೆ ಹೋಲಿಸಿದರೆ ಗೇಟು, ಸೌಡಿ, ಹೂಳೆತ್ತುವ ಖರ್ಚು ಬಹಳ ಚಿಕ್ಕದು. ಆದರೆ ಅದು ‘ನಿರ್ವಹಣೆ’ ಲೆಕ್ಕಕ್ಕೆ ಬರುತ್ತದೆ, ಆ ಲೆಕ್ಕದಲ್ಲಿ ದುಡ್ಡಿರುವುದಿಲ್ಲ. ಬಸಿಗಾಲುವೆಯ ಕಥೆ ಇನ್ನೂ ಕೆಟ್ಟದ್ದು. ನೀರು ಒಳಗೆ ಬರಲು ದಾರಿ ಮಾಡಿ ಹೊರಗೆ ಹೋಗಲು ದಾರಿ ಮಾಡದಿದ್ದರೆ ಭೂಮಿ ಚೌಳಾಗುತ್ತದೆ. ಬಸಿಗಾಲುವೆ ಮುಚ್ಚಿಕೊಂಡಿರುವ ಕಡೆ ಎಷ್ಟು ಜಿಪ್ಸಂ ಚೆಲ್ಲಿದರೂ ಫಲವಿಲ್ಲ.

ಕಬ್ಬಿನ ವಿಷಯಕ್ಕೆ ಬಂದರೆ, ಹಲವು ಹಂಗಾಮು ನಿಂತಿದ್ದ ಮೈಷುಗರ್ 2022ರಲ್ಲಿ ಮತ್ತೆ ಅರೆಯತೊಡಗಿದ್ದು ಸಂತೋಷದ ಸಂಗತಿ. ಸರ್ಕಾರ ಅದಕ್ಕೆ ಹಣ ಕೊಟ್ಟದ್ದೂ ಸರಿ. ಆದರೆ ಕಾರ್ಖಾನೆಗೆ ಕೊಡುವ ಹಣಕ್ಕೆ ದಿನಾಂಕದ ಬೆಲೆ ಇದೆ. ಬಾಯ್ಲರ್, ಟರ್ಬೈನ್, ಗಾಣದ ರೋಲರ್‌ಗಳ ದುರಸ್ತಿ ಅರೆಯುವ ಮೊದಲೇ ಮುಗಿಯಬೇಕು. ನಡುವೆ ಕೆಟ್ಟು ನಿಂತರೆ, ಕಡಿದು ತಂದ ಕಬ್ಬು ಲಾರಿಯಲ್ಲೇ ಒಣಗುತ್ತದೆ. ಕಡಿದ 24 ಗಂಟೆಯೊಳಗೆ ಅರೆಯದಿದ್ದರೆ ತೂಕವೂ ಇಳಿಯುತ್ತದೆ, ಸಕ್ಕರೆ ಅಂಶವೂ ಕರಗುತ್ತದೆ. ಸಾವಿರ ಟನ್ ಕಬ್ಬಿನಲ್ಲಿ ಸಕ್ಕರೆ ಇಳುವರಿ ಶೇ 1ರಷ್ಟು ಬಿದ್ದರೆ 10 ಟನ್ ಸಕ್ಕರೆ ಹೋದಂತೆ. 2025-26ರ ಎಫ್‌ಆರ್‌ಪಿ (ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿ ಮಾಡುವ ದರ) ಶೇ 10.25 ಇಳುವರಿಗೆ ಕ್ವಿಂಟಲ್‌ಗೆ ₹355. ಇಳುವರಿ ಕುಸಿದರೆ, ಶೇ 9.5ರವರೆಗೆ, ದರವೂ ಕುಸಿಯುತ್ತದೆ, ಅಂದರೆ ಯಂತ್ರ ಕೆಟ್ಟದ್ದಕ್ಕೆ ದಂಡ ಕಟ್ಟುವವನು ರೈತ. 14 ದಿನದೊಳಗೆ ಹಣ ಕೊಡದಿದ್ದರೆ ಶೇ 15 ಬಡ್ಡಿ ಕೊಡಬೇಕೆಂದು 1966ರ ಕಬ್ಬು (ನಿಯಂತ್ರಣ) ಆದೇಶವೇ ಹೇಳುತ್ತದೆ. ಆ ಬಡ್ಡಿಯನ್ನು ಅನುದಾನದ ಷರತ್ತಿನಲ್ಲೇ ಸೇರಿಸಬೇಕು.

ಪಟ್ಟಣಗಳ ಮಾತೂ ಬೇರೆಯಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥದಿಂದ ಪ್ರಯಾಣ ಹಗುರವಾಯಿತು. ಆದರೆ ಮದ್ದೂರಿನ ವಡೆ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ಕಾರುಗಳು ಈಗ ಮೇಲ್ಸೇತುವೆಯ ಮೇಲೆಯೇ ಹೋಗುತ್ತವೆ. ಪಟ್ಟಣಕ್ಕೆ ಇಳಿಯುವ ದಾರಿ, ಸರ್ವಿಸ್ ರಸ್ತೆ, ಬಸ್ ತಂಗುವ ಜಾಗ ಇವುಗಳನ್ನು ರಸ್ತೆಯ ಅಂದಾಜಿನಲ್ಲೇ ಲೆಕ್ಕ ಹಾಕಬೇಕಿತ್ತು.

ಮುಂದಿನ ನಾಲೆ ಕಾಮಗಾರಿಗೆ ಮಂಜೂರಾತಿ ಕೊಡುವ ಮುನ್ನ ಕಾವೇರಿ ನೀರಾವರಿ ನಿಗಮ ಒಂದು ಕೆಲಸ ಮಾಡಲಿ. ಪ್ರತಿ ವಿತರಣಾ ನಾಲೆಯ ಕೊನೆಯ ತೂಬಿನ ಬಳಿ ನೀರಿನ ಮಟ್ಟ ಅಳೆಯುವ ಗೇಜ್ ಪಟ್ಟಿ ನೆಡಲಿ. ಕಟ್ಟು ನೀರಿನ ಪ್ರತಿ ಸರದಿಯಲ್ಲೂ ಅಲ್ಲಿ ಎಷ್ಟು ಅಡಿ ನೀರು ನಿಂತಿತು ಎಂಬುದನ್ನು ಗ್ರಾಮ ಪಂಚಾಯಿತಿಯ ಬೋರ್ಡಿನಲ್ಲಿ ಬರೆಯಲಿ. ಗುತ್ತಿಗೆದಾರರ ಕೊನೆಯ ಬಿಲ್ಲನ್ನು ಆ ಅಳತೆ ನೋಡಿ ಪಾಸು ಮಾಡಲಿ.

ಇಂತಿ,
ನಿವೃತ್ತ ನೀರಾವರಿ ಎಂಜಿನಿಯರ್, ಮಂಡ್ಯ