ಡಿಸ್ಕ್ ಡ್ರೈವ್ ಹೋಯಿತು, ಡಿಸ್ಕ್‌ಗಳು ಮನೆಯಲ್ಲೇ ಉಳಿದವು

ಮಾನ್ಯ ಸಂಪಾದಕರೆ,

ಹೊಸ ಲ್ಯಾಪ್‌ಟಾಪ್‌ನಲ್ಲಿ ಸಿಡಿ ಹಾಕಲು ಜಾಗವೇ ಇಲ್ಲ ಎಂಬುದು ಕೊಂಡ ದಿನ ಯಾರ ಗಮನಕ್ಕೂ ಬರುವುದಿಲ್ಲ. ಎಷ್ಟೋ ತಿಂಗಳ ಮೇಲೆ, ತುರ್ತಾಗಿ ಬೇಕಾದ ಡಿಸ್ಕ್ ಒಂದನ್ನು ಕೈಯಲ್ಲಿ ಹಿಡಿದುಕೊಂಡು ಯಂತ್ರದ ಅಂಚುಗಳನ್ನು ತಡವಿ ನೋಡಿದಾಗ ಅದು ಅರಿವಾಗುತ್ತದೆ. ನನ್ನ ತಂದೆಯವರ ಬೆನ್ನುನೋವು ಮರುಕಳಿಸಿದಾಗ, ಕೆಲವು ವರ್ಷಗಳ ಹಿಂದೆ ಮಾಡಿಸಿದ್ದ ಎಂಆರ್‌ಐ ಸ್ಕ್ಯಾನನ್ನು ಹೊಸದರ ಪಕ್ಕದಲ್ಲಿಟ್ಟು ಹೋಲಿಸಬೇಕೆಂದು ವೈದ್ಯರು ಹೇಳಿದರು. ಹಳೆಯ ವರದಿಯ ಕಾಗದವೇನೋ ಜೋಪಾನವಾಗಿತ್ತು. ಆದರೆ ಚಿತ್ರಗಳೆಲ್ಲ ಅದರ ಜೊತೆಗೆ ಲಕೋಟೆಯಲ್ಲಿ ಕೊಟ್ಟಿದ್ದ ಒಂದು ಸಿಡಿಯಲ್ಲಿದ್ದವು. ವೈದ್ಯರ ಮೇಜಿನ ಮೇಲಿದ್ದ ಕಂಪ್ಯೂಟರಿಗೂ ಡ್ರೈವ್ ಇರಲಿಲ್ಲ, ನನ್ನ ಲ್ಯಾಪ್‌ಟಾಪಿಗೂ ಇರಲಿಲ್ಲ. ಕಂಪ್ಯೂಟರ್ ತಯಾರಕರು ಡಿಸ್ಕ್ ಡ್ರೈವನ್ನು ಕೈಬಿಟ್ಟಿರುವುದರಿಂದ ಬಳಕೆದಾರರ ಮೇಲೆ ಬಿದ್ದಿರುವ ಹೊರೆಯ ಬಗ್ಗೆ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಹೇಳಲು ಇದು ಕಾರಣವಾಯಿತು.

ನಾನು ಯುಎಸ್‌ಬಿಗೆ ಜೋಡಿಸುವ ಹೊರಗಿನ ಡ್ರೈವ್ ಒಂದನ್ನು ತಂದೆ. ಒಂದೇ ಪೋರ್ಟಿಗೆ ಹಲವು ಸಾಧನಗಳನ್ನು ಜೋಡಿಸಲು ಬಳಸುವ, ಮೌಸ್ ಮತ್ತು ಪೆನ್‌ಡ್ರೈವ್‌ಗಳನ್ನು ಸಿಕ್ಕಿಸಿದ್ದ ಹಬ್‌ಗೇ ಅದನ್ನೂ ಸಿಕ್ಕಿಸಿ ಸಿಡಿ ಹಾಕಿದೆ. ದೀಪ ಹತ್ತಿತು, ಡಿಸ್ಕ್ ಗುಂಯ್ ಎಂದು ವೇಗ ಹಿಡಿಯಿತು, ಎರಡು ಸಲ ಟಕ್ ಟಕ್ ಎಂದು ನಿಂತುಹೋಯಿತು. ಪರದೆಯ ಮೇಲೆ ಡ್ರೈವ್‌ನ ಗುರುತು ಬಂದಷ್ಟೇ ಬೇಗ ಮಾಯವಾಯಿತು. ಮೂರು ನಾಲ್ಕು ಬಾರಿ ಹೀಗೇ ಆದಾಗ ಸಿಡಿಯೇ ಹಾಳಾಗಿದೆ ಎಂದು ತಿಳಿದು ತಂದೆಯವರಿಗೂ ಹಾಗೆಯೇ ಹೇಳಿಬಿಟ್ಟೆ. ನಿಜವಾದ ಕಾರಣ ವಿದ್ಯುತ್ತಿನ ಕೊರತೆಯಾಗಿತ್ತು. ಯುಎಸ್‌ಬಿ 2.0 ಪೋರ್ಟ್ ನಿಯಮದಂತೆ 500 ಮಿಲಿಆಂಪಿಯರ್, ಯುಎಸ್‌ಬಿ 3.0 ಪೋರ್ಟ್ 900 ಮಿಲಿಆಂಪಿಯರ್ ಮಾತ್ರ ಕೊಡುತ್ತದೆ. ನಿಂತಿರುವ ಡಿಸ್ಕನ್ನು ತಿರುಗಿಸಿ ವೇಗಕ್ಕೆ ತರುವ ಆ ಕೆಲವು ಕ್ಷಣಗಳಲ್ಲಿ ಡ್ರೈವ್ ಅದಕ್ಕಿಂತ ಹೆಚ್ಚು ಕೇಳಬಹುದು. ಪ್ರತ್ಯೇಕ ವಿದ್ಯುತ್ ಸಂಪರ್ಕವಿಲ್ಲದ ಹಬ್ ಆದರಂತೂ ಒಂದೇ ಪೋರ್ಟಿನ ವಿದ್ಯುತ್ತನ್ನು ಅದಕ್ಕೆ ಸಿಕ್ಕಿಸಿದ ಎಲ್ಲಕ್ಕೂ ಹಂಚಬೇಕು. ಹಬ್ ಬಿಡಿಸಿ, ಡ್ರೈವನ್ನು ನೇರವಾಗಿ ಲ್ಯಾಪ್‌ಟಾಪಿಗೆ ಜೋಡಿಸಿದ ಕೂಡಲೇ ಅದೇ ಸಿಡಿ ತೆರೆದುಕೊಂಡಿತು. ಹಳೆಯ ಕೆಲವು ಡ್ರೈವ್‌ಗಳಿಗೆ ಎರಡು ತಲೆಗಳ ಕೇಬಲ್ ಕೊಡುತ್ತಿದ್ದುದು ಎರಡು ಪೋರ್ಟ್‌ಗಳಿಂದ ವಿದ್ಯುತ್ ಪಡೆಯಲಿ ಎಂದೇ. ಇಷ್ಟು ಸರಳ ವಿಷಯ ನನ್ನ ಡ್ರೈವ್‌ನ ಪೆಟ್ಟಿಗೆಯ ಮೇಲೆ ಎಲ್ಲಿಯೂ ಇರಲಿಲ್ಲ. ಇದು ತಿಳಿಯದೆ ಚೆನ್ನಾಗಿರುವ ಡಿಸ್ಕ್‌ಗಳನ್ನು ಕಸಕ್ಕೆ ಹಾಕಿದವರು ಎಷ್ಟು ಮಂದಿಯೋ ಎಂದು ನೆನೆದರೆ ಸಂಕಟವಾಗುತ್ತದೆ.

ತಯಾರಕರ ಲೆಕ್ಕಾಚಾರವೇ ತಪ್ಪೆಂದು ನಾನು ವಾದಿಸುವುದಿಲ್ಲ. ಡಿಸ್ಕ್‌ನ ಅಗಲ 12 ಸೆಂಟಿಮೀಟರ್. ಅದು ಹಿಡಿಯುವಂಥ ಡ್ರೈವ್ ಲ್ಯಾಪ್‌ಟಾಪ್‌ನ ಒಂದು ಮೂಲೆಯನ್ನೇ ನುಂಗುತ್ತದೆ. ಮೊದಲು 12.7 ಮಿಲಿಮೀಟರ್ ದಪ್ಪವಿದ್ದ ಲ್ಯಾಪ್‌ಟಾಪ್ ಡ್ರೈವ್ ಆಮೇಲೆ 9.5 ಮಿಲಿಮೀಟರಿಗೆ ಇಳಿದರೂ, ಯಂತ್ರ ತೆಳ್ಳಗಾಗಲು ಅದೇ ಅಡ್ಡಿಯಾಗಿತ್ತು. ಆಪಲ್ ಕಂಪನಿ 2008ರಲ್ಲಿ ಮ್ಯಾಕ್‌ಬುಕ್ ಏರ್ ಅನ್ನು ಡ್ರೈವ್ ಇಲ್ಲದೆ ತಂದಿತು. 2012ರಲ್ಲಿ ರೆಟಿನಾ ಪರದೆಯ ಮ್ಯಾಕ್‌ಬುಕ್ ಪ್ರೊ ಹಾಗೂ ಮೇಜಿನ ಮೇಲಿಡುವ ಐಮ್ಯಾಕ್ ಕೂಡ ಅದೇ ದಾರಿ ಹಿಡಿದವು. ಉಳಿದ ತಯಾರಕರು ಹಿಂಬಾಲಿಸಿದರು. ಡ್ರೈವ್ ಇದ್ದ ಜಾಗ ಬ್ಯಾಟರಿಗೆ ಸಿಕ್ಕಿತು, ತೂಕ ಇಳಿಯಿತು, ಮೋಟಾರು ಮತ್ತು ಟ್ರೇಯಂತಹ ಬೇಗ ಕೆಡುವ ಭಾಗಗಳು ಇಲ್ಲವಾದವು. ಹೆಬ್ಬೆರಳಿನಷ್ಟಿರುವ ಪೆನ್‌ಡ್ರೈವ್ ಹತ್ತಾರು ಡಿವಿಡಿಗಳಷ್ಟು ಮಾಹಿತಿಯನ್ನು ಹಿಡಿಯುವಾಗ 4.7 ಗಿಗಾಬೈಟ್‌ನ ಡಿಸ್ಕನ್ನು ಯಾರು ಬಯಸುತ್ತಾರೆ ಎಂಬ ಅವರ ಪ್ರಶ್ನೆಯಲ್ಲಿ ಹುರುಳಿದೆ.

ಆದರೆ ಈ ಬದಲಾವಣೆಯನ್ನು ಫ್ಲಾಪಿ ಎಂಬ ಹಳೆಯ ಬಗೆಯ ಡಿಸ್ಕ್ ಹೋದ ಕಾಲಕ್ಕೆ ಹೋಲಿಸಿ, ಆಗಲೂ ಜನ ಗೊಣಗಿದರು, ಆಮೇಲೆ ಮರೆತರು ಎಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ. 1998ರಲ್ಲಿ ಮೊದಲ ಐಮ್ಯಾಕ್ ಫ್ಲಾಪಿ ಡ್ರೈವ್ ಇಲ್ಲದೆ ಬಂದಾಗ ಜನರ ಫ್ಲಾಪಿಗಳಲ್ಲಿ ಇದ್ದದ್ದು ತಲಾ 1.44 ಮೆಗಾಬೈಟ್ ಮಾತ್ರ, ಅದೂ ಹೆಚ್ಚಾಗಿ ಹಾರ್ಡ್ ಡಿಸ್ಕ್‌ನಲ್ಲಿದ್ದ ಕಡತಗಳ ಇನ್ನೊಂದು ಪ್ರತಿ. ಸಿಡಿ, ಡಿವಿಡಿಗಳ ಕಥೆ ಇದಕ್ಕೆ ತದ್ವಿರುದ್ಧ. ಹಾರ್ಡ್ ಡಿಸ್ಕ್ ತುಂಬಿತೆಂದು ನಾವು ಫೋಟೊಗಳನ್ನು ಡಿಸ್ಕಿಗೆ ಬರೆದು ಮೂಲವನ್ನು ಅಳಿಸಿದೆವು. ಮದುವೆಯ ವಿಡಿಯೊ, ಮಗುವಿನ ಮೊದಲ ಮಾತು, ಪದವಿಯ ಪ್ರಬಂಧ, ಆಸ್ಪತ್ರೆಯ ಸ್ಕ್ಯಾನ್ ಎಲ್ಲವೂ ಅಲ್ಲಿಯೇ ಇವೆ, ಅಲ್ಲಿ ಮಾತ್ರ ಇವೆ. ಡಿಸ್ಕ್‌ನಲ್ಲಿಟ್ಟರೆ ಸುರಕ್ಷಿತ ಎಂದು ಆ ಕಾಲದಲ್ಲಿ ನಮಗೆ ಹೇಳಿದವರಲ್ಲಿ ಕಂಪ್ಯೂಟರ್ ಮಾರುವವರೂ ಇದ್ದರು. ಆದ್ದರಿಂದ ಡ್ರೈವ್ ತೆಗೆಯುವಾಗ, ಅದರಲ್ಲಿ ಓದಬೇಕಾಗಿದ್ದುದನ್ನು ಹೊಸ ಯಂತ್ರಕ್ಕೆ ದಾಟಿಸುವ ದಾರಿಯನ್ನು ತೋರಿಸುವುದೂ ಅವರ ಕರ್ತವ್ಯವಾಗಿತ್ತು.

ಡ್ರೈವ್‌ನ ಹಿಂದೆಯೇ ತಂತ್ರಾಂಶದ ಬೆಂಬಲವೂ ಕಳಚಿಕೊಂಡಿತು. 2012ರ ವಿಂಡೋಸ್ 8ರಿಂದ ಡಿವಿಡಿ ಚಲನಚಿತ್ರ ತೋರಿಸುವ ಸೌಲಭ್ಯ ಕಾರ್ಯವ್ಯವಸ್ಥೆಯ ಜೊತೆಗೆ ತಾನಾಗಿ ಬರುವುದು ನಿಂತಿತು. ವಿಎಲ್‌ಸಿಯಂತಹ ಉಚಿತ ಪ್ಲೇಯರ್ ಇರುವುದು ತಿಳಿದವರು ಪಾರಾದರು, ತಿಳಿಯದವರು ಡ್ರೈವೇ ಸರಿಯಿಲ್ಲವೆಂದು ಹಿಂತಿರುಗಿಸಿದರು. ಸೇಫ್‌ಡಿಸ್ಕ್ ಎಂಬ ನಕಲು ತಡೆಯುವ ವ್ಯವಸ್ಥೆಯಿದ್ದ ಹಳೆಯ ಆಟಗಳ ಡಿಸ್ಕ್‌ಗಳು, ಡ್ರೈವ್ ಸರಿಯಾಗಿಯೇ ಇದ್ದರೂ, ವಿಂಡೋಸ್ 10ರಲ್ಲಿ ಇದ್ದಂತೆಯೇ ನಡೆಯುವುದಿಲ್ಲ. ಡಿವಿಡಿಗಿಂತ ಬಹಳ ಸ್ಪಷ್ಟವಾದ ಚಿತ್ರ ಕೊಡುವ 4ಕೆ ಬ್ಲೂ-ರೇ ಡಿಸ್ಕ್‌ಗಳ ಚಲನಚಿತ್ರಗಳ ಗತಿಯೂ ಇಷ್ಟೇ: ಅವುಗಳನ್ನು ಕಂಪ್ಯೂಟರಿನಲ್ಲಿ ಅಧಿಕೃತವಾಗಿ ನೋಡಲು ಇಂಟೆಲ್ ಪ್ರೊಸೆಸರ್‌ನ ಎಸ್‌ಜಿಎಕ್ಸ್ ಎಂಬ ಸುರಕ್ಷಾ ಸೌಲಭ್ಯ ಬೇಕಿತ್ತು, ಆ ಸೌಲಭ್ಯವನ್ನೇ ಕಂಪನಿ ತನ್ನ ಹೊಸ ಕೋರ್ ಪ್ರೊಸೆಸರ್‌ಗಳಿಂದ ತೆಗೆದುಹಾಕಿತು. ಹಣ ಕೊಟ್ಟು ಕೊಂಡ ಡಿಸ್ಕ್, ಹಣ ಕೊಟ್ಟು ಕೊಂಡ ಡ್ರೈವ್, ಎರಡೂ ಕೈಯಲ್ಲಿದ್ದು ಹೊಸ ಕಂಪ್ಯೂಟರಿನಲ್ಲಿ ಚಿತ್ರ ಕಾಣದಂತಾದುದು ಗ್ರಾಹಕರಿಗೆ ಆದ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಹಾಗಿದ್ದರೂ ಬಳಕೆದಾರರು ತಮ್ಮ ಕಡೆಯಿಂದ ಮಾಡಬಹುದಾದದ್ದು ಬಹಳವಿದೆ, ಅದನ್ನು ತಡಮಾಡದೆ ಮಾಡಬೇಕು. ಅಂಗಡಿಯಲ್ಲಿ ಕೊಂಡ ಚಲನಚಿತ್ರದ ಡಿಸ್ಕನ್ನು ಕಾರ್ಖಾನೆಯಲ್ಲಿ ಅಚ್ಚೊತ್ತಿರುತ್ತಾರೆ. ನಾವು ಮನೆಯಲ್ಲಿ ಬರೆದ ಸಿಡಿಯಲ್ಲಿ ಮಾಹಿತಿ ನಿಲ್ಲುವುದು ಒಂದು ಬಣ್ಣದ ಪದರದಲ್ಲಿ, ಆ ಪದರ ಬಿಸಿಲಿಗೂ ಶಾಖಕ್ಕೂ ಮಾಸುತ್ತದೆ. ಸಿಡಿಯ ಹೊಳೆಯುವ ಕೆಳಬದಿಯನ್ನು ನಾವು ಬಹಳ ಜತನದಿಂದ ಕಾಯುತ್ತೇವೆ, ಆದರೆ ಮಾಹಿತಿಯ ಪದರ ನಿಜವಾಗಿ ಇರುವುದು ಹೆಸರು ಬರೆಯುವ ಮೇಲ್ಬದಿಗೆ ತೀರ ಹತ್ತಿರ, ತೆಳುವಾದ ಮೆರುಗೆಣ್ಣೆಯಂತಹ ಲೇಪನದ ಕೆಳಗೆ. ಬಾಲ್‌ಪೆನ್ನಿನಿಂದ ಒತ್ತಿ ಬರೆದ ದಿನಾಂಕವೇ ಸಿಡಿಯನ್ನು ಕೆಡಿಸಬಲ್ಲದು. ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುವುದರಿಂದ ಅಷ್ಟು ಭಯವಿಲ್ಲ. ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತಲೂ ತಿರುಗಿಸಿ ಒರೆಸಿದರೆ ಬೀಳುವ ಗೀರು ಮಾಹಿತಿಯ ಸಾಲಿನುದ್ದಕ್ಕೂ ಸಾಗಿ, ಡ್ರೈವ್ ಸರಿಪಡಿಸಿಕೊಳ್ಳಲಾರದಷ್ಟು ಭಾಗ ಒಮ್ಮೆಗೇ ಹೋಗುತ್ತದೆ.

ನಕಲು ಮಾಡುವುದರಲ್ಲಿಯೂ ಎಡವುವ ಜಾಗಗಳಿವೆ. ಹಾಡಿನ ಸಿಡಿಯನ್ನು ವಿಂಡೋಸ್‌ನಲ್ಲಿ ತೆರೆದರೆ ಸಿಡಿಎ ಎಂಬ ಬಾಲವಿರುವ ಕಡತಗಳು ಕಾಣಿಸುತ್ತವೆ, ಅವನ್ನು ಪೆನ್‌ಡ್ರೈವಿಗೆ ಎಳೆದು ಹಾಕಿದರೆ ಕ್ಷಣಮಾತ್ರದಲ್ಲಿ ನಕಲಾಗುತ್ತವೆ. ಒಂದೊಂದರ ಗಾತ್ರ 44 ಬೈಟ್ ಮಾತ್ರ. ಹಾಡು ಡಿಸ್ಕ್‌ನ ಯಾವ ಜಾಗದಲ್ಲಿದೆ ಎಂಬ ಸೂಚನೆ ಅದರಲ್ಲಿದೆಯೇ ಹೊರತು ಹಾಡು ಇಲ್ಲ. ಹೀಗೆ ನಕಲು ಮಾಡಿ ಸಿಡಿಗಳನ್ನು ಕೊಟ್ಟುಬಿಟ್ಟವರೊಬ್ಬರನ್ನು ನಾನು ಬಲ್ಲೆ. ಹಾಡುಗಳನ್ನು ಅದಕ್ಕೆಂದೇ ಇರುವ ತಂತ್ರಾಂಶದಿಂದ ಓದಿಸಿ, ಗುಣಮಟ್ಟ ಇಳಿಯದ ಫ್ಲ್ಯಾಕ್ ರೂಪದಲ್ಲಿ ಉಳಿಸಿಕೊಳ್ಳಬೇಕು. ಮಾಹಿತಿಯ ಡಿಸ್ಕ್ ಆದರೆ ಬಿಡಿ ಕಡತಗಳನ್ನು ಆಯ್ದುಕೊಳ್ಳುವ ಬದಲು ಇಡೀ ಡಿಸ್ಕ್‌ನ ಪ್ರತಿಯನ್ನು ಒಂದೇ ಐಎಸ್‌ಒ ಕಡತವಾಗಿ ತೆಗೆದಿಡುವುದು ಒಳ್ಳೆಯದು. ಡಿವಿಡಿ ತೋರಿಸುವುದನ್ನು ಬಿಟ್ಟ ಅದೇ ವಿಂಡೋಸ್ 8, ಐಎಸ್‌ಒ ಕಡತವನ್ನು ಡಿಸ್ಕ್ ಹಾಕಿದಂತೆಯೇ ತೆರೆಯುವ ಅನುಕೂಲವನ್ನು ತಂದಿತು ಎಂಬುದನ್ನೂ ಹೇಳಬೇಕು. ಸ್ಕ್ಯಾನ್ ಸಿಡಿಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ತಂದೆಯವರ ಸಿಡಿಯೊಳಗೆ ನಾನು ಕಂಡದ್ದು ಚಿತ್ರದಂತೆ ತೆರೆಯದ, ಹೆಸರಿನ ಕೊನೆಯಲ್ಲಿ ಬಾಲವಿಲ್ಲದ ನೂರಾರು ಕಡತಗಳು, ಡೈಕಾಮ್‌ಡಿರ್ ಎಂಬ ಒಂದು ಸೂಚಿ, ಜೊತೆಗೆ ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಒಂದು ವೀಕ್ಷಕ ತಂತ್ರಾಂಶ. ಅವುಗಳಲ್ಲಿ ಯಾವುದೋ ನಾಲ್ಕನ್ನು ಮಾತ್ರ ಎತ್ತಿಕೊಂಡಿದ್ದರೆ ವೈದ್ಯರಿಗೆ ಅದರಿಂದ ಏನೂ ಉಪಯೋಗವಾಗುತ್ತಿರಲಿಲ್ಲ. ಇಡೀ ಸಿಡಿಯ ಪ್ರತಿ ಕೊಂಡೊಯ್ದಾಗ ಅವರು ತಮ್ಮಲ್ಲಿದ್ದ, ಇಂತಹ ವೈದ್ಯಕೀಯ ಚಿತ್ರಗಳನ್ನು ತೋರಿಸುವ ಡೈಕಾಮ್ ತಂತ್ರಾಂಶದಲ್ಲಿ ಅದನ್ನು ತೆರೆದು, ಎರಡು ಕಾಲದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು.

ಎಲ್ಲವೂ ಹೀಗೆ ಸುಖಾಂತವಾಗಲಿಲ್ಲ. ನನ್ನ ಅಕ್ಕನ ಮನೆಯಲ್ಲಿ ಹಳೆಯ ವಿಡಿಯೊ ಕ್ಯಾಮೆರಾದ 8 ಸೆಂಟಿಮೀಟರ್ ಅಗಲದ ಪುಟ್ಟ ಡಿವಿಡಿಗಳಿದ್ದವು. ಸೀಳಿನೊಳಗೆ ಡಿಸ್ಕ್ ತೂರಿಸುವ ಬಗೆಯ ಡ್ರೈವಿಗೆ ಇಂಥವನ್ನು ಹಾಕಲೇಬಾರದು, ಒಳಗೆ ಸಿಕ್ಕಿಕೊಳ್ಳುತ್ತವೆ. ಟ್ರೇ ಇರುವ ಡ್ರೈವೇ ಬೇಕು. ಟ್ರೇಯಲ್ಲಿಟ್ಟರೂ ಅವುಗಳಲ್ಲಿ ಮೂರು ಡಿಸ್ಕ್‌ಗಳು ಖಾಲಿ ಎಂದೇ ಕಂಪ್ಯೂಟರ್ ತೋರಿಸಿತು. ಚಿತ್ರೀಕರಣ ಮುಗಿದ ಮೇಲೆ ಕ್ಯಾಮೆರಾದಲ್ಲಿಯೇ ಫೈನಲೈಸ್ ಎಂಬ ಕೊನೆಯ ಹಂತವನ್ನು ಮಾಡದೆ ಬಿಟ್ಟರೆ ಬೇರೆ ಡ್ರೈವ್‌ಗಳಿಗೆ ಆ ಡಿಸ್ಕ್‌ನ ಸೂಚಿಯೇ ಕಾಣುವುದಿಲ್ಲ. ಆ ಕ್ಯಾಮೆರಾ ಕೆಟ್ಟು ಎಷ್ಟೋ ಕಾಲವಾಗಿದೆ. ಇಂತಹ ಡಿಸ್ಕ್‌ಗಳನ್ನು ಓದಬಲ್ಲ ತಂತ್ರಾಂಶಗಳು ಇವೆ, ಒಂದು ಡಿಸ್ಕ್‌ನ ಹೆಚ್ಚಿನ ಭಾಗ ಸಿಕ್ಕಿತು; ಉಳಿದೆರಡರ ಪ್ರಯತ್ನ ನಡೆಯುತ್ತಿದೆ. ಕ್ಯಾಮೆರಾ ಇನ್ನೂ ಕೆಲಸ ಮಾಡುತ್ತಿರುವವರು ದಯವಿಟ್ಟು ಈ ವಾರವೇ ಆ ಹಂತವನ್ನು ಮುಗಿಸಿಕೊಳ್ಳಲಿ.

ಡಿಸ್ಕಿಗೆ ಇದ್ದ ಒಂದು ಗುಣ ಪೆನ್‌ಡ್ರೈವಿಗೆ ಇಲ್ಲವೆಂಬುದನ್ನೂ ಇಲ್ಲಿ ಹೇಳದೆ ಇರಲಾರೆ. ಒಮ್ಮೆ ಬರೆದು ಮುಗಿಸಿದ ಸಿಡಿ-ಆರ್ ಅಥವಾ ಡಿವಿಡಿ-ಆರ್‌ನಲ್ಲಿರುವುದನ್ನು ಯಾವ ವೈರಸ್ಸೂ ತಿದ್ದಲಾರದು, ಕೈತಪ್ಪಿ ಅಳಿಸಲೂ ಬಾರದು. ಪೆನ್‌ಡ್ರೈವ್‌ನಲ್ಲಿ ಮಾಹಿತಿ ಉಳಿಯುವುದು ವಿದ್ಯುದಾವೇಶದ ರೂಪದಲ್ಲಿ, ವರ್ಷಗಟ್ಟಲೆ ಬಳಸದೆ ಇಟ್ಟರೆ ಅದು ಸೋರಿಹೋಗಬಹುದು. ಆದ್ದರಿಂದ ಡಿಸ್ಕ್‌ನಿಂದ ಒಂದೇ ಪೆನ್‌ಡ್ರೈವಿಗೆ ದಾಟಿಸಿ ಸಮಾಧಾನಪಟ್ಟುಕೊಳ್ಳುವುದು ಸಾಲದು. ಕನಿಷ್ಠ ಎರಡು ಕಡೆ ಪ್ರತಿ ಇರಲಿ, ಓದಲು ಬರುವ ಮೂಲ ಡಿಸ್ಕನ್ನೂ ಎಸೆಯದಿರಲಿ.

ಈ ಕೆಲಸಕ್ಕೆ ಉಳಿದಿರುವ ಕಾಲ ಧಾರಾಳವಾಗಿಲ್ಲ. ಫಿಲಿಪ್ಸ್ ಜೊತೆಗೂಡಿ ಸಿಡಿಯನ್ನು ರೂಪಿಸಿ 1982ರಲ್ಲಿ ಮಾರುಕಟ್ಟೆಗೆ ತಂದ ಸೋನಿ ಕಂಪನಿಯೇ 2025ರ ಫೆಬ್ರವರಿಯಲ್ಲಿ ಬರೆಯಬಲ್ಲ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ನಿಲ್ಲಿಸಿದೆ. ಹೊರಗಿನ ಡ್ರೈವ್‌ಗಳು ಇಂದು ಸುಲಭವಾಗಿ ಸಿಗುತ್ತಿವೆ, ಆದರೆ ಬೇಡಿಕೆ ಕುಗ್ಗಿದಂತೆ ಅವನ್ನು ಮಾಡುವವರೂ ಕಡಿಮೆಯಾಗುತ್ತಾರೆ.

ಕಂಪ್ಯೂಟರ್ ತಯಾರಕರಲ್ಲಿ ನನ್ನ ವಿನಂತಿ ಡ್ರೈವನ್ನು ಮತ್ತೆ ಒಳಗೆ ಕೂರಿಸಿ ಎಂದಲ್ಲ. ಯಂತ್ರದ ಪೆಟ್ಟಿಗೆಯ ಮೇಲೆ ಡಿಸ್ಕ್ ಡ್ರೈವ್ ಇಲ್ಲವೆಂದು ಎದ್ದು ಕಾಣುವಂತೆ ಬರೆಯಲಿ. ತಮ್ಮ ಯಂತ್ರಕ್ಕೆ ಹೊಂದುವ ಹೊರಗಿನ ಡ್ರೈವ್ ಯಾವುದು, ಅದನ್ನು ಯಾವ ಪೋರ್ಟಿಗೆ ಜೋಡಿಸಬೇಕು ಎಂಬುದನ್ನು ತಿಳಿಸಲಿ. ಡಿಸ್ಕ್‌ನ ಪೂರ್ಣ ಪ್ರತಿ ತೆಗೆಯುವ ಒಂದು ಸರಳ ತಂತ್ರಾಂಶವನ್ನು ಜೊತೆಗೆ ಕೊಡಲಿ. ಪ್ರಿಂಟರ್, ವೈ-ಫೈ ಅಡಾಪ್ಟರ್‌ಗಳನ್ನು ಮಾಡುವವರು ಅವು ಕೆಲಸ ಮಾಡಲು ಕಂಪ್ಯೂಟರಿಗೆ ಬೇಕಾದ ಡ್ರೈವರ್ ಎಂಬ ತಂತ್ರಾಂಶವನ್ನು ಸಿಡಿಯಲ್ಲಿ ಮಾತ್ರ ಇಟ್ಟು ಕಳಿಸುವುದನ್ನು ನಿಲ್ಲಿಸಲಿ. ಸಿಡಿ ಓದಲಾಗದ, ಇನ್ನೂ ಅಂತರ್ಜಾಲ ಸಂಪರ್ಕವಿಲ್ಲದ ಯಂತ್ರದ ಮುಂದೆ ಕುಳಿತವರು ಏನು ಮಾಡಬೇಕು? ಹಾಗೆಯೇ ಆಸ್ಪತ್ರೆಗಳು, ಸ್ಕ್ಯಾನಿಂಗ್ ಕೇಂದ್ರಗಳು ಮತ್ತು ದಾಖಲೆಗಳನ್ನು ಸಿಡಿಯಲ್ಲಿ ನೀಡುವ ಕಚೇರಿಗಳು, ಕೇಳಿದವರಿಗೆ ಅದೇ ಮಾಹಿತಿಯನ್ನು ಪೆನ್‌ಡ್ರೈವ್‌ನಲ್ಲಿಯೋ ಸುರಕ್ಷಿತ ಕೊಂಡಿಯ ಮೂಲಕವೋ ಕೊಡುವ ಏರ್ಪಾಡು ಮಾಡಬೇಕು. ತಂದೆಯವರ ಹೊಸ ಸ್ಕ್ಯಾನ್‌ನ ಚಿತ್ರಗಳೂ ನಮ್ಮ ಕೈಗೆ ಬಂದದ್ದು ಒಂದು ಸಿಡಿಯಲ್ಲಿಯೇ.

ಇಂತಿ,
ತಮ್ಮ ವಿಶ್ವಾಸಿ,
ಒಬ್ಬ ಓದುಗ