15 ಡಿಗ್ರಿಯ ಮಾತನ್ನು ಮಾರುವಾಗ ಯಾಕೆ ಹೇಳಲಿಲ್ಲ?

ಶಿರಸಿ
5 ಡಿಸೆಂಬರ್ 2025

ಗೆ,
ವ್ಯವಸ್ಥಾಪಕರು,
ತೋಟದ ಯಂತ್ರಗಳ ಮಾರಾಟ ಮತ್ತು ಸೇವಾ ವಿಭಾಗ,
ಹುಬ್ಬಳ್ಳಿ.

ವಿಷಯ: 2025ರ ಆಗಸ್ಟ್ 18ರಂದು ನನಗೆ ಮಾರಿದ 50 ಇಂಚಿನ ಝೀರೋ ಟರ್ನ್ ಹುಲ್ಲು ಕತ್ತರಿಸುವ ಯಂತ್ರವನ್ನು ವಾಪಸು ಪಡೆದು ಹಣ ಮರಳಿಸುವ ಬಗ್ಗೆ.

ಮಾನ್ಯರೇ,

ನಿಮ್ಮ ಸಹಾಯವಾಣಿಗೆ ನಾಲ್ಕು ಸಲ ಫೋನು ಮಾಡಿದ್ದೇನೆ. ಎರಡು ಇ-ಮೇಲ್ ಕಳಿಸಿದ್ದೇನೆ. ಒಂದು ಸಲ ನಾನೇ ಬಸ್ಸು ಹತ್ತಿ ನಿಮ್ಮ ಮಳಿಗೆಗೆ ಬಂದಿದ್ದೇನೆ. ಅಷ್ಟೂ ಸಲ ಮೆತ್ತಗೆ ಮಾತಾಡಿದ್ದಾಯಿತು. ಈ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ, ಪ್ರತಿ ನನ್ನ ಹತ್ತಿರ ಇದೆ.

ಮೊದಲಿಗೆ, ನನಗೆ ಈ ಯಂತ್ರ ಯಾಕೆ ಬೇಕಾಯಿತೆಂದು ಹೇಳುತ್ತೇನೆ, ಏಕೆಂದರೆ ನಿಮ್ಮ ಹುಡುಗರು ಇದನ್ನು ಮುದುಕಿಯೊಬ್ಬಳ ಖಯಾಲಿ ಎಂದುಕೊಂಡ ಹಾಗಿದೆ. ನಮ್ಮ ಮನೆಯ ಹಿಂದೆ 22 ಗುಂಟೆ ಬೇಣ, ಎಂದರೆ ಹುಲ್ಲುಗಾವಲು, ಇದೆ. ಕೊಟ್ಟಿಗೆಯಲ್ಲಿ ಆಕಳುಗಳಿದ್ದಷ್ಟು ದಿನ ಅಲ್ಲಿನ ಹುಲ್ಲು ಅವುಗಳ ಹೊಟ್ಟೆಗೆ ಹೋಗುತ್ತಿತ್ತು. ನಮ್ಮವರು ತೀರಿಕೊಂಡ ಮೇಲೆ ಆಕಳು ಕಟ್ಟುವುದು ನನ್ನಿಂದಾಗಲಿಲ್ಲ. ಹುಲ್ಲು ಹೆರೆಯಲು ಆಳು ಸಿಗುವುದಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಹುಲ್ಲು ಸೊಂಟದ ತನಕ ಬೆಳೆದು ನಿಂತಿರುತ್ತದೆ, ಆಮೇಲೆ ಉಣುಗು. ಉಣುಗು ಎಂದರೆ ನಮ್ಮ ಕಡೆ ಬರೀ ತುರಿಕೆಯ ಮಾತಲ್ಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗೊತ್ತಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಇವತ್ತಿಗೂ ಹೋಗಿಲ್ಲ, 2024ರಲ್ಲಿ ಪಕ್ಕದ ಸಿದ್ದಾಪುರ ತಾಲೂಕಿನಲ್ಲಿ ಜನ ಅದಕ್ಕೆ ಬಲಿಯಾಗಿದ್ದಾರೆ. ಮೊಮ್ಮಕ್ಕಳು ರಜೆಗೆ ಬಂದರೆ ಆಡುವುದು ಅದೇ ಬೇಣದಲ್ಲಿ. ಅಲ್ಲಿನ ಹುಲ್ಲು ಪಾದದ ಮೇಲೆ ಬರದಂತೆ ಇಟ್ಟುಕೊಳ್ಳಬೇಕೆಂದು ನನ್ನ ಪಿಂಚಣಿಯ ಉಳಿತಾಯದಿಂದ 4,85,000 ರೂಪಾಯಿ ತೆಗೆದು ನಿಮ್ಮ ಕೈಯಲ್ಲಿಟ್ಟೆ.

ಕೊಳ್ಳುವ ಮೊದಲು ಕೇಳಬೇಕಾದ್ದನ್ನು ಕೇಳಿಯೇ ಕೊಂಡಿದ್ದೇನೆ. ಜುಲೈ 9ರಂದು ನಿಮ್ಮ ಮಾರಾಟ ಪ್ರತಿನಿಧಿಗೆ ವಾಟ್ಸ್ಯಾಪ್‌ನಲ್ಲಿ ಬೇಣದ ಆರು ಫೋಟೋ ಕಳಿಸಿ, "ಫೋಟೋದಲ್ಲಿ ಚಪ್ಪಟೆ ಕಾಣುತ್ತದೆ, ಆದರೆ ಮೂರರಲ್ಲಿ ಎರಡು ಪಾಲು ಇಳಿಜಾರು. ಈ ಯಂತ್ರ ನಡೆಯುತ್ತದೆಯೇ? ನಮಗೆ ಬ್ರಷ್ ಕಟರ್ ಸಾಕಾಗುವುದಿಲ್ಲವೇ?" ಎಂದು ಬರೆದಿದ್ದೆ. ಏಳು ನಿಮಿಷಕ್ಕೆ ಉತ್ತರ ಬಂತು: "ಬ್ರಷ್ ಕಟರ್ ಹಳೇ ಕಾಲದ್ದು ಮೇಡಂ. ಇದು ಗುಡ್ಡಾನೂ ಹತ್ತತೈತಿ, ಏನೂ ಚಿಂತಿ ಮಾಡಬ್ಯಾಡ್ರಿ." ಆ ಸಂದೇಶ ಇನ್ನೂ ನನ್ನ ಫೋನಿನಲ್ಲಿದೆ. ಜಾಗ ನೋಡಲು ಒಬ್ಬರನ್ನು ಕಳಿಸಿ ಎಂದೆ. ಮಳೆ ನೆಪ ಹೇಳಿ ಯಾರೂ ಬರಲಿಲ್ಲ. ಚೌತಿಗೆ ಮುಂಚೆ ಕೊಂಡರೆ ಸಾಗಾಟ ಉಚಿತ ಎಂದು ಅವಸರಿಸಿದವರೂ ನೀವೇ.

ಯಂತ್ರ ಬಂದ ದಿನವೇ ಮೊದಲ ತೊಡಕು. ಬಾವಿಗೂ ಕೊಟ್ಟಿಗೆಗೂ ನಡುವಿನ ದಾರಿ ನಾಲ್ಕು ಅಡಿ ಅಗಲ ಎಂದು ಮೊದಲೇ ತಿಳಿಸಿದ್ದೆ. 50 ಇಂಚಿನ ಡೆಕ್, ಎಂದರೆ ಅಲಗುಗಳಿರುವ ತಳಭಾಗ, ನಾಲ್ಕು ಅಡಿಯಲ್ಲಿ ಹೋಗುವುದಿಲ್ಲ ಎನ್ನಲು ನಾಲ್ಕನೇ ತರಗತಿಯ ಗಣಿತ ಸಾಕು. ಪಾಗಾರದ ಕಲ್ಲು ಕಿತ್ತು ದಾರಿ ಅಗಲ ಮಾಡಿಸಿಕೊಂಡೆ. ಅದನ್ನು ಇಲ್ಲಿ ದೊಡ್ಡದು ಮಾಡುವುದಿಲ್ಲ.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ಮನೆಗೆ ತಾಗಿದ ಏಳು ಗುಂಟೆ ಸಪಾಟು ಜಾಗದಲ್ಲಿ ಯಂತ್ರ ಚೆನ್ನಾಗಿಯೇ ಕೆಲಸ ಮಾಡಿತು. ಹಲಸಿನ ಮರದ ಬುಡ, ಸಂಪಿಗೆಯ ಬುಡ ಸುತ್ತಿ ಬರುವುದನ್ನು ನೋಡಿ ಖುಷಿಯಾಗಿತ್ತು. ಮರಗಳಿರುವ ಸಮತಟ್ಟು ಜಾಗಕ್ಕೆಂದೇ ಮಾಡಿದ ಯಂತ್ರ ಅದು. ಸ್ಟೇರಿಂಗ್ ಇಲ್ಲ, ಎರಡು ಲಿವರು. ಎಡಗೈಯದು ಎಡಗಡೆಯ ಹಿಂದಿನ ಚಕ್ರಕ್ಕೆ, ಬಲಗೈಯದು ಬಲಗಡೆಯದಕ್ಕೆ. ಎರಡಕ್ಕೂ ಬೇರೆ ಬೇರೆ ಹೈಡ್ರೋಸ್ಟಾಟಿಕ್ ಡ್ರೈವ್, ಎಂದರೆ ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ವ್ಯವಸ್ಥೆ. ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಿದರೆ ನಿಂತಲ್ಲೇ ಸುತ್ತು ಹೊಡೆಯುತ್ತದೆ. ಮುಂದಿನ ಎರಡು ಕ್ಯಾಸ್ಟರ್ ಚಕ್ರಗಳು ಸುಮ್ಮನೆ ಭಾರ ಹೊರುತ್ತವೆ, ಹೋದ ಕಡೆ ತಿರುಗುತ್ತವೆ, ಆಸ್ಪತ್ರೆಯ ಸ್ಟ್ರೆಚರಿನ ಚಕ್ರಗಳ ಹಾಗೆ. ಎಂದರೆ ತಿರುಗಿಸುವುದು, ತಡೆಯುವುದು ಎರಡೂ ಹಿಂದಿನ ಎರಡು ಚಕ್ರಗಳ ಕೆಲಸ. ಅವು ನೆಲದ ಹಿಡಿತ ಬಿಟ್ಟರೆ ಕುಳಿತವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ಇಳಿಜಾರು, ಒದ್ದೆ ಹುಲ್ಲು ಎರಡೂ ಈ ಯಂತ್ರಕ್ಕೆ ಆಗಿಬರುವುದಿಲ್ಲ. ಇದನ್ನೆಲ್ಲ ನಾನು ಕಲಿತದ್ದು ಅಪಘಾತ ಆದಮೇಲೆ. ನಿಮಗೆ ಮೊದಲೇ ಗೊತ್ತಿತ್ತು.

ಅಕ್ಟೋಬರ್ 12, ಭಾನುವಾರ ಬೆಳಿಗ್ಗೆ. ಮಳೆ ಇರಲಿಲ್ಲ, ಇಬ್ಬನಿ ಇತ್ತು. ನನ್ನ ತಮ್ಮನ ಮಗ ಬೇಣದ ಇಳಿಜಾರಿಗೆ ಯಂತ್ರ ಇಳಿಸಿದ. ಟ್ರ್ಯಾಕ್ಟರ್ ಓಡಿಸಿ ಪಳಗಿದ ಹುಡುಗ, ಹುಡುಗಾಟಿಕೆಯವನಲ್ಲ. ಅರ್ಧ ಇಳಿದಿರಬೇಕು, ಹಿಂದಿನ ಚಕ್ರಗಳು ಜಾರಿದವು. ಅವನು ಲಿವರುಗಳನ್ನು ಹಿಂದಕ್ಕೆಳೆದ. ಚಕ್ರಗಳು ಹಿಂದಕ್ಕೇ ತಿರುಗುತ್ತಿದ್ದವಂತೆ, ಯಂತ್ರ ಮಾತ್ರ ಕೆಳಗೆ ಕೆಳಗೆ ಹೋಗುತ್ತಿತ್ತಂತೆ. ನಾನು ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮುಂಭಾಗ ಅಡ್ಡ ತಿರುಗಿ ಧರೆಗೆ, ಎಂದರೆ ಅಂಚಿನ ಮಣ್ಣಿನ ದಿಬ್ಬಕ್ಕೆ, ಬಡಿದು ನಿಂತಿತು. ಆ ಧರೆ ಇಲ್ಲದಿದ್ದರೆ ಕೆಳಗೆ ತೋಟ, ಹನ್ನೆರಡು ಅಡಿ ಆಳ. ಉರುಳಿದರೆ ಕಾಯುವ ಕಂಬಿ ಈ ಮಾದರಿಗೆ ಇಲ್ಲ. ಹುಡುಗನ ಕಣಕಾಲಿನ ಮೂಳೆ ಬಿರುಕುಬಿಟ್ಟು ಆರು ವಾರ ಪ್ಲಾಸ್ಟರಿನಲ್ಲಿದ್ದ. ಈ ವರ್ಷದ ಅಡಿಕೆ ಕೊಯ್ಲು ಅವನಿಲ್ಲದೆ ಶುರುವಾಯಿತು.

ನಾನು ದೂರು ಕೊಟ್ಟಾಗ ನಿಮ್ಮಿಂದ ಬಂದ ಇ-ಮೇಲ್ ಎರಡು ಸಾಲಿನದು. 15 ಡಿಗ್ರಿಗಿಂತ ಹೆಚ್ಚಿನ ಇಳಿಜಾರಿನಲ್ಲಿ, ಒದ್ದೆ ಹುಲ್ಲಿನ ಮೇಲೆ ಓಡಿಸಬಾರದು ಎಂದು ಬಳಕೆದಾರರ ಕೈಪಿಡಿಯಲ್ಲಿದೆ. ಆದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ, ರಿಪೇರಿಗೆ 62,400 ರೂಪಾಯಿ ಆಗುತ್ತದೆ.

ಆಗ ಕೈಪಿಡಿ ತೆರೆದೆ. ಸೀಟಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ, ಇಂಗ್ಲಿಷಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಇತ್ತು. ಹೌದು, ನಿಮ್ಮ ಮಾತು ಅದರಲ್ಲಿದೆ. ಇನ್ನೊಂದು ಸಂಗತಿಯೂ ಇದೆ. ಕೊನೆಯಲ್ಲಿ 15 ಡಿಗ್ರಿಯ ಗೆರೆ ಎಳೆದ ಒಂದು ಪುಟ. ಅದನ್ನು ಗೆರೆಗೆ ಸರಿಯಾಗಿ ಮಡಚಿ, ನೆಟ್ಟಗೆ ನಿಂತ ಮರಕ್ಕೋ ಗೋಡೆಗೋ ಹೊಂದಿಸಿ ಹಿಡಿದರೆ ಇಳಿಜಾರು ಮಿತಿಯೊಳಗಿದೆಯೋ ಇಲ್ಲವೋ ಎಂದು ಯಾರಿಗಾದರೂ ಗೊತ್ತಾಗುತ್ತದೆ. ನಮ್ಮಲ್ಲಿ ನೆಟ್ಟಗಿನ ಮರಕ್ಕೆ ಬರವಿಲ್ಲ. ಅಡಿಕೆ ಮರಕ್ಕೆ ಹೊಂದಿಸಿ ಹಿಡಿದೆ. ನೆಲ ಗೆರೆಗಿಂತ ಎಷ್ಟೋ ಕೆಳಗೆ ಹೋಗಿತ್ತು. ಆಮೇಲೆ ಗೌಂಡಿಯ ಟ್ಯೂಬ್ ಲೆವೆಲ್ ತರಿಸಿ ನಾನೇ ಅಳೆದೆ. ಅಡ್ಡಕ್ಕೆ 10 ಅಡಿ ಹೋದರೆ 3 ಅಡಿ 4 ಇಂಚು ಇಳಿಯುತ್ತದೆ, ಎಂದರೆ 18 ಡಿಗ್ರಿಗೂ ಮೇಲೆ. 15 ಡಿಗ್ರಿಯೊಳಗೆ ಇರಬೇಕಿದ್ದರೆ 2 ಅಡಿ 8 ಇಂಚು ದಾಟಬಾರದಿತ್ತು. ನಿಮ್ಮವರೊಬ್ಬರು ಬಂದು ಆ ಒಂದು ಪುಟ ಮಡಚಿ ಹಿಡಿದಿದ್ದರೆ ಎರಡು ನಿಮಿಷದ ಕೆಲಸ.

ಈ ಲೆಕ್ಕವನ್ನು ನಕ್ಷೆ ಸಮೇತ ಬಿಳಿಹಾಳೆಯಲ್ಲಿ ಬರೆದುಕೊಂಡು ನವೆಂಬರ್ 27ರಂದು ಮುಂಡಗೋಡ ಮೇಲೆ ಹೋಗುವ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಬಂದೆ. ಅವತ್ತು ನಿಮ್ಮ ಮಳಿಗೆಯಲ್ಲಿ ನಡೆದದ್ದನ್ನು ನೀವು ಪೂರ್ತಿ ಓದಬೇಕು.

ಹತ್ತೂಕಾಲಿಗೆ ಒಳಗೆ ಬಂದೆ. ಕೌಂಟರಿನ ಹುಡುಗ ತಲೆ ಎತ್ತಿ, "ಏನ್ ಬೇಕಾಗಿತ್ರೀ ಅಮ್ಮಾರ?" ಎಂದ. ಇಂಥ ಯಂತ್ರದ ವಿಷಯ ಎಂದೆ. ನನ್ನ ಹಿಂದೆ ಬಾಗಿಲ ಕಡೆ ನೋಡಿದ. "ನಿಮ್ ಜೋಡಿ ಗಂಡಸರು ಯಾರರ ಬಂದಾರೇನ್ರೀ?" ಇಲ್ಲ ಎಂದೆ. "ಯಜಮಾನ್ರು?" ತೀರಿಕೊಂಡು ಆರು ವರ್ಷವಾಯಿತು ಎಂದೆ. ಅದಕ್ಕೆ ಒಂದು ಕ್ಷಣವೂ ತಡೆಯದೆ, "ಹಂಗಾರ ಮಗನ ನಂಬರ್ ಕೊಡ್ರಿ, ಮಷಿನ್ ವಿಷಯ ಐತಿ, ಅವರಿಗೆ ಹೇಳಿದ್ರ ಲಗೂನ ತಿಳೀತೈತಿ" ಎಂದ. ನನಗಿರುವುದು ಹೆಣ್ಣುಮಕ್ಕಳಿಬ್ಬರು ಎಂದೆ. "ಅಳಿಯಾರು?" ಎಂದು ಕೇಳಿದ. ಯಂತ್ರದ ಬಿಲ್ಲು ನನ್ನ ಹೆಸರಿನಲ್ಲಿದೆ ತಮ್ಮಾ, ನನ್ನ ಹತ್ತಿರವೇ ಮಾತಾಡು ಎಂದೆ. ಕೂತ್ಕೊಳ್ಳಿ ಎಂದು ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿ ತೋರಿಸಿದ.

ಒಂದು ಗಂಟೆ ನಲವತ್ತು ನಿಮಿಷ ಕೂತೆ. ನನ್ನ ನಂತರ ಬಂದ ಐದು ಮಂದಿ, ಐವರೂ ಗಂಡಸರು, ಕೆಲಸ ಮುಗಿಸಿಕೊಂಡು ಹೋದರು. ವ್ಯವಸ್ಥಾಪಕರನ್ನು ಕಾಣಬೇಕು ಎಂದರೆ "ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ" ಎಂದರು. ನಿಮ್ಮ ಕೋಣೆಗೆ ಗಾಜಿನ ಗೋಡೆ. ನೀವು ಒಬ್ಬರೇ ಇದ್ದಿರಿ, ಕಾಗದದ ಪೊಟ್ಟಣ ಬಿಚ್ಚಿಕೊಂಡು ಗಿರ್ಮಿಟ್ ತಿನ್ನುತ್ತಿದ್ದಿರಿ. ನನ್ನ ಕಡೆ ಒಮ್ಮೆ ನೋಡಿದಿರಿ ಕೂಡ.

ಕೊನೆಗೆ ಅದೇ ಹುಡುಗ ಕರೆದ. ನಾನು ಬಿಳಿಹಾಳೆ ಬಿಡಿಸಿ, ಅಡ್ಡ ಇಷ್ಟು, ಇಳಿತ ಇಷ್ಟು, ಟ್ಯಾನ್ ಇಷ್ಟು, ಕೋನ ಇಷ್ಟು ಎಂದು ತೋರಿಸತೊಡಗಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಗೋದಾಮಿನ ಕಡೆ ತಿರುಗಿ, "ಬರ್ರೋ ಇಲ್ಲೆ, ಟೀಚರ್ ಬಂದಾರ, ಗಣಿತ ಕಲಿಸ್ತಾರ" ಎಂದು ಕೂಗಿದ. ಮೂವರು ಬಂದರು. ಒಬ್ಬ ನನ್ನ ಹಾಳೆಯ ಫೋಟೋ ತೆಗೆದ, ಯಾಕೆಂದು ಹೇಳಲಿಲ್ಲ. ಇನ್ನೊಬ್ಬ, "ಅಜ್ಜಿ, ಇಷ್ಟ್ ಲೆಕ್ಕ ಬರೋವ್ರು ಪುಸ್ತಕ ಮೊದಲ ಓದ್ಬೇಕಿತ್ತಲ್ರೀ" ಎಂದ. ಎಲ್ಲರೂ ನಕ್ಕರು. ಕೊಳ್ಳಲು ಬಂದಿದ್ದ ಒಬ್ಬ ಗಿರಾಕಿಯೂ ನಕ್ಕ.

ನಾನು 31 ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಲೆಕ್ಕ ಬಾರದ ಮಗುವನ್ನು ಒಂದು ದಿನವೂ ಹೀಗೆ ನಾಲ್ಕು ಜನರ ಮುಂದೆ ನಿಲ್ಲಿಸಿ ನಗಲಿಲ್ಲ. ಸರಿಯಾದ ಲೆಕ್ಕ ಹಿಡಿದುಕೊಂಡು ನಿಂತ ನನ್ನನ್ನು ನಿಮ್ಮ ಮಳಿಗೆಯಲ್ಲಿ ನಿಲ್ಲಿಸಿ ನಕ್ಕರು. ಹಾಳೆ ಮಡಚಿಕೊಂಡು ಹೊರಗೆ ಬಂದೆ. ಬಸ್ ನಿಲ್ದಾಣದ ತನಕ ಕಣ್ಣು ಮಂಜಾಗಿತ್ತು. ತಪ್ಪಿ ಯಲ್ಲಾಪುರದ ಬಸ್ಸು ಹತ್ತಿ, ಕಂಡಕ್ಟರು ಹೇಳಿದ ಮೇಲೆ ಇಳಿದೆ.

ಪುಸ್ತಕ ಮೊದಲು ಓದಬೇಕಿತ್ತು ಎಂದರಲ್ಲ, ಕೇಳಿ. ಪುಸ್ತಕ ನನ್ನ ಕೈಗೆ ಬಂದದ್ದು ಹಣ ಕೊಟ್ಟಮೇಲೆ. ನಿಮ್ಮ ಕೈಯಲ್ಲಿ ಅದು ಮೊದಲಿಂದ ಇತ್ತು. ಮಾರುವಾಗ ಗುಡ್ಡ ಹತ್ತುತ್ತದೆ ಎಂದಿರಿ. ಹಣ ಕೇಳಿದಾಗ 15 ಡಿಗ್ರಿ ಎಂದಿರಿ. ಎರಡೂ ನಿಮ್ಮ ಮಾತೇ, ಎರಡೂ ನನ್ನ ಹತ್ತಿರ ಬರವಣಿಗೆಯಲ್ಲಿವೆ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ನಿಮಗೆ ತಿಳಿದೇ ಇರಬೇಕು. ಅದರ 86ನೇ ಕಲಮಿನ ಪ್ರಕಾರ, ವಸ್ತುವಿನ ಅಪಾಯದ ಬಗ್ಗೆ, ಸರಿಯಾದ ಬಳಕೆಯ ಬಗ್ಗೆ ತಯಾರಕರು ಕೊಟ್ಟ ಎಚ್ಚರಿಕೆಯನ್ನು ಮಾರುವಾಗ ಗಿರಾಕಿಗೆ ದಾಟಿಸದೆ, ಅದರಿಂದ ಹಾನಿಯಾದರೆ ಹೊಣೆ ಮಾರಿದವರದು. ಯಂತ್ರ ವ್ಯಾಪಾರಕ್ಕೆ ತಂದದ್ದಲ್ಲ, ಮನೆಯ ಬೇಣಕ್ಕೆ ತಂದದ್ದು. ಹಾಗಾಗಿ ನಾನು ಗ್ರಾಹಕಳಲ್ಲ ಎಂಬ ವಾದಕ್ಕೂ ನಿಮಗೆ ಜಾಗವಿಲ್ಲ.

ನನ್ನ ಕೋರಿಕೆ ಇಷ್ಟೇ. ಯಂತ್ರವನ್ನು ನಿಮ್ಮ ಖರ್ಚಿನಲ್ಲಿ ಒಯ್ದು 4,85,000 ರೂಪಾಯಿ ಮರಳಿಸಿ. ಹುಡುಗನ ಆಸ್ಪತ್ರೆಯ ಬಿಲ್ಲು ಲಗತ್ತಿಸಿದ್ದೇನೆ, ಅದನ್ನೂ ಕೊಡಿ. ನವೆಂಬರ್ 27ರಂದು ನಕ್ಕ ನಾಲ್ವರೂ ಅವರನ್ನು ಗಾಜಿನಾಚೆಯಿಂದ ನೋಡುತ್ತಿದ್ದ ನೀವೂ ಕ್ಷಮೆ ಕೇಳಿ ಸಹಿ ಹಾಕಿದ ಪತ್ರ ಕಳಿಸಿ. 15 ದಿನ ಕಾಯುತ್ತೇನೆ.

ಹದಿನಾರನೆಯ ದಿನ ಏನಾಗುತ್ತದೆಂದು ಈಗಲೇ ಬರೆಯುತ್ತೇನೆ. ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ನಾನು ವಾಸವಿರುವ ಜಿಲ್ಲೆಯಲ್ಲೇ ದಾಖಲಿಸಲು ಕಾಯ್ದೆಯಲ್ಲಿ ಅವಕಾಶವಿದೆ, ಹುಬ್ಬಳ್ಳಿಯಿಂದ ಕಾರವಾರಕ್ಕೆ ಓಡಾಡಬೇಕಾದವರು ನೀವು. 5 ಲಕ್ಷದ ಒಳಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನನ್ನ ಲೆಕ್ಕವನ್ನು ಅಲ್ಲಿ ನಾನೇ ಮಂಡಿಸುತ್ತೇನೆ, ಅಲ್ಲಿ ಯಾರೂ ನಗುವುದಿಲ್ಲ. ತಯಾರಿಸಿದ ಕಂಪನಿಯ ಕೇಂದ್ರ ಕಚೇರಿಗೆ ನಿಮ್ಮ ಪ್ರತಿನಿಧಿಯ ಜುಲೈ 9ರ ಸಂದೇಶ ಹೋಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಇಳಿಜಾರಿಲ್ಲದ ಬೇಣ ಇರುವವರು ಕಡಿಮೆ, ಅಲ್ಲಿನವರಲ್ಲಿ ನನ್ನ ಹತ್ತಿರ ಪಾಠ ಕಲಿತವರು ತುಂಬಾ ಜನ. ಅಡಿಕೆ ಮಾರಲು ಸೊಸೈಟಿಗೆ ಬರುವ ಪ್ರತಿಯೊಬ್ಬರಿಗೂ ಆ ಮಡಚುವ ಪುಟದ ಪ್ರತಿ ಕೊಡುತ್ತೇನೆ, ಯಾವ ಮಳಿಗೆಯವರು ಅದನ್ನು ತೋರಿಸದೆ ಯಂತ್ರ ಮಾರುತ್ತಾರೆಂದೂ ಹೇಳುತ್ತೇನೆ. ಮುಂದಿನ ವರ್ಷ ಧಾರವಾಡದ ಕೃಷಿ ಮೇಳದಲ್ಲಿ ನೀವು ಅಂಗಡಿ ಹಾಕಿದರೆ, ಅದರ ಎದುರು ಅದೇ ಬಿಳಿಹಾಳೆ ಹಿಡಿದು ಮೇಳ ಮುಗಿಯುವ ತನಕ ನಿಂತಿರುತ್ತೇನೆ. ಆಗಲೂ ಒಬ್ಬಳೇ ಬರುತ್ತೇನೆ.

ಇತಿ,
ಬಿಲ್ಲಿನಲ್ಲಿರುವ ಹೆಸರಿನವಳು,
ನಿವೃತ್ತ ಗಣಿತ ಶಿಕ್ಷಕಿ,
ಶಿರಸಿ ತಾಲೂಕು, ಉತ್ತರ ಕನ್ನಡ

ಲಗತ್ತು: ಬಿಲ್ಲಿನ ಪ್ರತಿ, ಜುಲೈ 9ರ ಸಂದೇಶದ ಪ್ರತಿ, ನಿಮ್ಮ ಇ-ಮೇಲ್, ಆಸ್ಪತ್ರೆಯ ಬಿಲ್ಲು, ಇಳಿಜಾರಿನ ನಕ್ಷೆ ಮತ್ತು ಲೆಕ್ಕ.