ಫಾರ್ಮ್ಯಾಟ್ ಹೊಡೆಸುವ ಮುಂಚೆ ಫಾಂಟನ್ನೂ ಎತ್ತಿಡಿ

ಮಾನ್ಯ ಸಂಪಾದಕರೇ,

ಹಳೆ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿಸುವ ಗಡಿಬಿಡಿ ಈಗ ಎಲ್ಲ ಮನೆಗಳಲ್ಲೂ ಇದೆ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಸುರಕ್ಷತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಬೇಕೆಂದು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಗಡುವು ಮುಂದೂಡಿತು. ಇದೆಲ್ಲ ಪೇಪರಿನಲ್ಲಿ ಬಂದಿದೆ, ಜನರಿಗೂ ಗೊತ್ತು. 'ಬ್ಯಾಕಪ್ ತಗೊಳ್ಳಿ' ಎಂದು ಅಂಗಡಿಯವರೂ ಹೇಳುತ್ತಾರೆ. ಆದರೆ ಕನ್ನಡದಲ್ಲಿ ಬರೆದಿಟ್ಟವರು ಏನೇನು ಎತ್ತಿಡಬೇಕು ಎಂದು ಅವರು ಹೇಳುವುದಿಲ್ಲ. ಅದಕ್ಕೇ ಈ ಪತ್ರ.

ನಾನು ಚಾಮರಾಜಪೇಟೆಯಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ, ಪುಟ ವಿನ್ಯಾಸ ಮಾಡುವವಳು. ಕನ್ನಡ ಸಾಹಿತ್ಯ ಪರಿಷತ್ತು ಹತ್ತಿರವೇ ಇದೆ. ಹಾಗಾಗಿ ಕವನ ಸಂಕಲನ, ಪಿಎಚ್‌ಡಿ ಪ್ರಬಂಧ, ಅಭಿನಂದನ ಗ್ರಂಥ, ಮದುವೆ ಕಾರ್ಡು, ದೇವಸ್ಥಾನದ ಕರಪತ್ರ ಎಲ್ಲ ನನ್ನ ಟೇಬಲ್ಲಿಗೆ ಬರುತ್ತವೆ. ಈಚೆಗೆ ಹೊಸದಾಗಿ ಟೈಪ್ ಮಾಡಿಸುವವರಿಗಿಂತ, ಪೆನ್‌ಡ್ರೈವ್ ಹಿಡಿದು "ಇದನ್ನ ಸ್ವಲ್ಪ ಓದೋ ಹಾಗೆ ಮಾಡಿಕೊಡಿ" ಎಂದು ಬರುವವರೇ ಜಾಸ್ತಿ.

ಅಂಥವರಲ್ಲಿ ಹನುಮಂತನಗರದ ಒಬ್ಬರು ನಿವೃತ್ತ ಮೇಷ್ಟ್ರು. ಕುಮಾರವ್ಯಾಸನ ಮೇಲೆ ಅವರು ಬರೆದಿಟ್ಟ ಟಿಪ್ಪಣಿಗಳೆಲ್ಲ ಮನೆಯ ಕಂಪ್ಯೂಟರಿನಲ್ಲಿದ್ದವು. ಮಗ ಅದನ್ನು ಅಂಗಡಿಗೆ ಕೊಟ್ಟು ವಿಂಡೋಸ್ ಬದಲಾಯಿಸಿದ. ಮಗ ಜಾಣನೇ. ಮುಂಚೆಯೇ ಎಲ್ಲ ಫೈಲುಗಳನ್ನೂ ಕಾಪಿ ಮಾಡಿಕೊಂಡಿದ್ದ. ಒಂದೂ ಕಳೆದಿರಲಿಲ್ಲ. ಆದರೆ ತೆರೆದು ನೋಡಿದರೆ ಪುಟದ ತುಂಬ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳು.

"ಏನಮ್ಮಾ ಇದು, ವೈರಸ್ ಹೊಕ್ಕಿದೆಯಾ?" ಎಂದರು ಮೇಷ್ಟ್ರು.

"ಇಲ್ಲ ಸರ್, ಫೈಲು ಬಂದಿದೆ. ಫಾಂಟು ಬಂದಿಲ್ಲ" ಎಂದೆ.

ಇದು ಯಾಕೆ ಹೀಗಾಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈಗ ನಾವು ಫೋನಿನಲ್ಲಿ ಬರೆಯುವ ಕನ್ನಡ ಯೂನಿಕೋಡ್. ಅದರಲ್ಲಿ ಕನ್ನಡ ಅಕ್ಷರಗಳಿಗೆ ಅವುಗಳದೇ ಆದ ಸಂಖ್ಯೆಗಳಿವೆ. ಎಲ್ಲಿ ತೆರೆದರೂ ಅದು ಕನ್ನಡವೇ. ಅದಕ್ಕಿಂತ ಮುಂಚೆ ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳಲ್ಲಿ ನಾವು ಹೊಡೆದದ್ದು ಕಂಪ್ಯೂಟರಿನ ಲೆಕ್ಕಕ್ಕೆ ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ, ಅಷ್ಟೆ. ಹಳೆ ನುಡಿಯಲ್ಲಿ 'ಕನ್ನಡ' ಎಂದು ಹೊಡೆದಿದ್ದರೆ ಫೈಲಿನ ಒಳಗೆ ಕೂತಿರುವುದು ಒಂದು ಪಿ, ತಲೆ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಜರ್ಮನ್ನರ ಒಂದು ಎಸ್, ಒಂದು ಕ್ಯೂ. ಆ ಗೀಟಿನ ಎ ಮೂರು ಸಲ ಬರುತ್ತದೆ. ನಮ್ಮ ತಲೆಕಟ್ಟು ಅದೇ! ಪೌಂಡ್ ಗುರುತೇ ನ. ಫಾಂಟು ಇಲ್ಲದ ಯಂತ್ರದಲ್ಲಿ ಇವೆಲ್ಲ ಇದ್ದ ಹಾಗೇ ಕಾಣುತ್ತವೆ.

ಫಾಂಟುಗಳು ಸಾಮಾನ್ಯವಾಗಿ ಇರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ, ಫಾಂಟ್ಸ್ ಎಂಬ ಹೆಸರಿನ ಒಳಫೋಲ್ಡರಿನೊಳಗೆ. ಸಿ ಡ್ರೈವ್ ಫಾರ್ಮ್ಯಾಟ್ ಆದರೆ, ಅಂದರೆ ಪೂರ್ತಿ ಅಳಿಸಿಹೋದರೆ, ಅದೂ ಹೋಯಿತು. ಇದ್ದ ವಿಂಡೋಸ್ ಮೇಲೆಯೇ ಅಪ್‌ಗ್ರೇಡ್ ಮಾಡಿದರೆ ಸಾಮಾನ್ಯವಾಗಿ ಫೈಲೂ ಫಾಂಟೂ ಉಳಿಯುತ್ತವೆ, ನಿಜ. ಆದರೆ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ಹಳೆ ಯಂತ್ರಗಳಿಗೆ ಆ ಯೋಗ ಇಲ್ಲ. ಕೆಲವರು ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿಸುತ್ತಾರೆ. ಕೆಲವರು ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಕೂರಿಸಿಕೊಂಡು ಬರುತ್ತಾರೆ. ಎರಡರಲ್ಲೂ ಸಾಮಾನ್ಯವಾಗಿ ಎಲ್ಲ ಹೊಸದಾಗಿಯೇ ಶುರು. ಅಂಗಡಿಯ ಹುಡುಗರಿಗಂತೂ ಏನೇ ತೊಂದರೆ ಇರಲಿ, ಫಾರ್ಮ್ಯಾಟೇ ಮದ್ದು.

ನುಡಿ ಉಚಿತ, ಮತ್ತೆ ಇಳಿಸಿಕೊಳ್ಳಬಹುದು. ಆದ್ದರಿಂದ ಮೇಷ್ಟ್ರ ಕೆಲಸ ಬೇಗ ಮುಗಿಯಿತು. ಎಲ್ಲರ ಅದೃಷ್ಟ ಹಾಗಿರುವುದಿಲ್ಲ. ದುಡ್ಡು ಕೊಟ್ಟು ತಂದ ಫಾಂಟಿನ ಸಿಡಿ, ಅದನ್ನು ಓಡಿಸಲು ಚುಚ್ಚುವ ಡಾಂಗಲ್ ಎಂಬ ಪುಟ್ಟ ಸಾಧನ ಯಾವ ಡ್ರಾಯರಿನಲ್ಲಿದೆಯೋ ಯಾರಿಗೆ ಗೊತ್ತು? ಯಾವ ಚಿಹ್ನೆಗೆ ಯಾವ ಅಕ್ಷರ ಎಂಬ ಜೋಡಣೆ ಶ್ರೀಲಿಪಿಯದು ಬೇರೆ, ನುಡಿಯದು ಬೇರೆ. ಒಂದರ ಫೈಲಿಗೆ ಇನ್ನೊಂದರ ಫಾಂಟು ಹಾಕಿದರೆ ಕನ್ನಡ ಅಕ್ಷರಗಳೇನೋ ಬರುತ್ತವೆ, ಆದರೆ ಓದಲಾಗದು. ಹಾಗಾಗಿ ಫಾರ್ಮ್ಯಾಟ್‌ಗೆ ಮುಂಚೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ಫೈಲು, ಯಾವ ಫಾಂಟು. ವರ್ಡ್‌ನಲ್ಲಿ ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಫಾಂಟಿನ ಹೆಸರು ಮೇಲೆಯೇ ಕಾಣುತ್ತದೆ. ಆ ಫಾಂಟುಗಳನ್ನು ಹುಡುಕಿ, ಬರಹಗಳ ಜೊತೆಗೇ ಒಂದು ಫೋಲ್ಡರಿನಲ್ಲಿ ಇಡಿ. ಲಿನಕ್ಸ್‌ಗೆ ಹೋದವರಿಗೂ ಅವೇ ಫಾಂಟ್ ಫೈಲುಗಳು ಉಪಯೋಗಕ್ಕೆ ಬರುತ್ತವೆ.

ನಿಮ್ಮದು ಹಳೆಯದೋ ಯೂನಿಕೋಡೋ ಎಂದು ತಿಳಿಯಲು ತಜ್ಞರು ಬೇಡ. ಫೈಲಿನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್ ವೆಬ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂತಾ, ಯೂನಿಕೋಡ್. ಪೌಂಡ್ ಗುರುತು, ಗೀಟಿನ ಎ ಬಂತಾ, ಹಳೆಯದು.

ಹಳೆಯದನ್ನು ಯೂನಿಕೋಡಿಗೆ ಬದಲಾಯಿಸುವ ಸೌಲಭ್ಯ ನುಡಿಯಲ್ಲೂ ಇದೆ, ಬರಹದಲ್ಲೂ ಇದೆ. ಮಾಡಿಸಿಕೊಳ್ಳಿ, ಆದರೆ ಕಣ್ಣುಮುಚ್ಚಿ ನಂಬಬೇಡಿ. ಮಧ್ಯೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಎಂದುಕೊಂಡು ತಿರುಚಿಬಿಡುವುದುಂಟು. ಅರ್ಕಾವೊತ್ತು, ಎರಡೆರಡು ಒತ್ತು ಇರುವ ಕಡೆ ಎಡವಟ್ಟಾಗುತ್ತದೆ. ಪ್ರೂಫ್ ನೋಡಲೇಬೇಕು. ಮೂಲ ಫೈಲನ್ನು ಮಾತ್ರ ಅಳಿಸಲೇಬೇಡಿ. ಅಷ್ಟು ಪುರುಸೊತ್ತು ಇಲ್ಲದವರು ಹಳೆ ಕಂಪ್ಯೂಟರ್ ಇನ್ನೂ ಓಡುತ್ತಿರುವಾಗಲೇ ಮುಖ್ಯವಾದ ಬರಹಗಳ ಪಿಡಿಎಫ್ ಮಾಡಿಟ್ಟುಕೊಳ್ಳಿ. ಪಿಡಿಎಫ್ ಒಳಗೆ ಫಾಂಟೂ ಸೇರಿಕೊಂಡಿದ್ದರೆ ಎಲ್ಲಿ ಬೇಕಾದರೂ ಓದಬಹುದು. ತಿದ್ದುವುದಕ್ಕೆ, ಪದ ಹುಡುಕುವುದಕ್ಕೆ ಆಗದು. ಆದರೂ ಬರೆದದ್ದು ಉಳಿಯುತ್ತದಲ್ಲ?

ನನ್ನಂಥ ಡಿಟಿಪಿಯವರಿಗೂ ಒಂದು ಮಾತು. ಪೇಜ್‌ಮೇಕರ್ ಫೈಲುಗಳನ್ನು ಇನ್‌ಡಿಸೈನ್ ಸಿಎಸ್6ರ ನಂತರದ ಆವೃತ್ತಿಗಳು ತೆರೆಯುವುದೇ ಇಲ್ಲ. ಪೇಜ್‌ಮೇಕರ್ ಓಡುವ ಒಂದು ಯಂತ್ರವನ್ನು ಹಾಗೇ ಬಿಡಿ, ಇಂಟರ್‌ನೆಟ್ ತಂತಿ ಮಾತ್ರ ಕಿತ್ತುಬಿಡಿ. ನಾನು ಹಾಗೇ ಇಟ್ಟುಕೊಂಡಿದ್ದೇನೆ.

ಇನ್ನು ಎಲ್ಲರಿಗೂ ಅನ್ವಯಿಸುವ ವಿಷಯ. 'ಸಿ ಡ್ರೈವಲ್ಲಿ ನಮ್ಮದೇನೂ ಇಲ್ಲ, ಹೊಡೀರಿ' ಎಂದು ಧೈರ್ಯವಾಗಿ ಹೇಳುವವರನ್ನು ನೋಡಿದರೆ ನನಗೆ ಭಯ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ, ನೀವಾಗಿ ಜಾಗ ಬದಲಿಸಿರದಿದ್ದರೆ, ಸಿ ಡ್ರೈವಿನಲ್ಲೇ ಇರುತ್ತವೆ. ತೆರೆಯ ಮೇಲೆ ಕಣ್ಣೆದುರಿಗೇ ಇರುವ ಫೈಲೇ ಮೊದಲು ಹೋಗುವುದು. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ಡೇಟಾ ಯಾವ ಫೋಲ್ಡರಿನಲ್ಲಿದೆ ಎಂದು ಟ್ಯಾಲಿಯಲ್ಲೇ ನೋಡಿಕೊಳ್ಳಿ. ಸಿಯಿಂದ ಡಿಗೆ ಹಾಕಿಟ್ಟರೆ ಬ್ಯಾಕಪ್ ಆಯಿತು ಎಂದುಕೊಳ್ಳಬೇಡಿ. ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಭಾಗಗಳು. ಡಿಸ್ಕ್ ಸತ್ತರೆ ಎರಡೂ ಒಟ್ಟಿಗೇ ಹೋಗುತ್ತವೆ. ಹೊರಗಿನ ಹಾರ್ಡ್ ಡಿಸ್ಕಿಗೆ ಒಂದು ಪ್ರತಿ, ಗೂಗಲ್ ಡ್ರೈವಿಗೆ ಇನ್ನೊಂದು. ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯಲ್ಲಿ ಜಿಮೇಲ್, ಫೋಟೋ ಎಲ್ಲ ಸೇರಿದ್ದರೂ, ಬರೀ ಬರಹಕ್ಕೆ ಅದು ಧಾರಾಳ. ಹಾಕಿದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ನಾಲ್ಕಾರು ಫೈಲು ತೆರೆದು ನೋಡಿ. ಎಷ್ಟೋ ಜನ ಇದನ್ನು ಮಾಡುವುದೇ ಇಲ್ಲ.

ರಿಪೇರಿ ಅಂಗಡಿಗಳವರಲ್ಲಿ ನನ್ನದೊಂದು ಕೋರಿಕೆ. ಕಂಪ್ಯೂಟರ್ ತೆಗೆದುಕೊಳ್ಳುವಾಗ ಕೊಡುವ ಚೀಟಿಯಲ್ಲಿ 'ಫೈಲು ತೆಗೆದಿಟ್ಟಿದ್ದೀರಾ, ಕನ್ನಡ ಫಾಂಟು ತೆಗೆದಿಟ್ಟಿದ್ದೀರಾ' ಎಂದು ಎರಡು ಸಾಲು ಅಚ್ಚು ಹಾಕಿಸಿ. ಗಿರಾಕಿಯ ಸಹಿ ಹಾಕಿಸಿಕೊಂಡ ಮೇಲೆಯೇ ಕೈ ಹಚ್ಚಿ. ನಾಳೆ ಜಗಳವಾದರೆ ನಿಮಗೂ ಅದೇ ಆಧಾರ. ಹೊಸ ಎಸ್‌ಎಸ್‌ಡಿ ಹಾಕಿದಾಗ ಹಳೆ ಹಾರ್ಡ್ ಡಿಸ್ಕನ್ನು ಕೇಳದೆಯೇ ಇಟ್ಟುಕೊಳ್ಳುವ ಅಭ್ಯಾಸವೂ ಕೆಲವು ಕಡೆ ಇದೆ. ಅದು ಗಿರಾಕಿಯ ಆಸ್ತಿ. ಅದರಲ್ಲಿ ಅವರ ಬರಹದ ಜೊತೆ ಆಧಾರ್ ಪ್ರತಿ, ಪಾಸ್‌ಬುಕ್ ಸ್ಕ್ಯಾನ್ ಎಲ್ಲ ಇರುತ್ತದೆ. ಡಿಲೀಟ್ ಮಾಡಿದ್ದನ್ನೂ ಎಷ್ಟೋ ಸಲ ಮತ್ತೆ ತೆಗೆಯಬಹುದು.

ಓದುಗರೂ ಆ ಡಿಸ್ಕನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಬರಬೇಡಿ. ಯುಎಸ್‌ಬಿ ಕೇಸ್ ಹಾಕಿಸಿ ಮನೆಗೆ ತನ್ನಿ. ಕೇಸಿಗೆ ದೊಡ್ಡ ಖರ್ಚೇನೂ ಆಗುವುದಿಲ್ಲ. ಮರೆತ ಫೈಲು, ಮರೆತ ಫಾಂಟು ಎರಡೂ ಅದರಲ್ಲೇ ಸಿಗುವ ಸಾಧ್ಯತೆ ಜಾಸ್ತಿ.

ಇತಿ,
ಡಿಟಿಪಿ ಕೆಲಸದವಳು,
ಚಾಮರಾಜಪೇಟೆ, ಬೆಂಗಳೂರು